ಟಾಂಗಾದವರಿಗೆ ಪಾಳಿ ಬಂದ ದಿನ

ಬಿಜಾಪುರದ ಟಾಂಗಾದವರಿಗೆ ಕನ್ನಡದಲ್ಲಿ ಕಾಯ್ದೆ ಬರೆದುಕೊಟ್ಟವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಮೊದಲು ಬರೆದದ್ದು ಹನ್ನೊಂದು ಕಲಮು. ಅದರಲ್ಲಿ ಹತ್ತು ಹಳೆಯ ಇಂಗ್ಲಿಷ್ ಮತ್ತು ಮರಾಠಿ ಕಾಗದಗಳಲ್ಲಿ ಆಗಲೇ ಇದ್ದವು, ನಾನು ದೂಳು ಜಾಡಿಸಿ ಕನ್ನಡಕ್ಕೆ ತಂದೆ ಅಷ್ಟೆ. ಒಂದು ಮಾತ್ರ ಅಪ್ಪಟ ನನ್ನದು. ಆ ಒಂದನ್ನು ಒಳಗೆ ಸೇರಿಸುವ ಸಲುವಾಗಿಯೇ ಉಳಿದ ಹತ್ತನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದೆ.

ಅರವತ್ತರ ದಶಕದ ಮೊದಲ ವರ್ಷಗಳವು. ವಿಜಯಪುರವನ್ನು ಆಗ ನಾವು ಬಿಜಾಪುರ ಎಂದೇ ಕರೆಯುತ್ತಿದ್ದೆವು. ಟ್ಯಾಕ್ಸಿ ಎಂದರೂ ಟಾಂಗಾ, ರಿಕ್ಷಾ ಎಂದರೂ ಟಾಂಗಾ. ತಿಕೋಟಾ, ಬಬಲೇಶ್ವರದಂಥ ದೂರದ ಊರುಗಳಿಗೆ ಮೋಟಾರು ಓಡುತ್ತಿತ್ತು. ಪೇಟೆಯೊಳಗೆ ಓಡಾಡಲು, ಇಟ್ಟಂಗಿಹಾಳ, ಅರಕೇರಿಯಂಥ ಹತ್ತಿರದ ಹಳ್ಳಿಗಳಿಗೆ ಹೋಗಲು ಟಾಂಗಾವೇ ಗತಿ. ಇಂಥ ಬಾಡಿಗೆ ಗಾಡಿಗಳಿಗೆ ಪರವಾನಗಿ ಕೊಡುವ ಕಚೇರಿಯಲ್ಲಿ ನಾನು ಕಾರಕೂನನಾಗಿದ್ದೆ. ವಯಸ್ಸು ಇಪ್ಪತ್ತೈದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಮಸಿ ಸೋರದ ಪೆನ್ನು, ತಲೆಯ ತುಂಬ ಸೊಕ್ಕು. ಆ ಸೊಕ್ಕು ನನಗೆ ಬಹಳ ಉಪಯೋಗಕ್ಕೆ ಬಿದ್ದಿದೆ, ಅದನ್ನು ಬೈಯಲಾರೆ.

ನನ್ನ ಊರು ಇಟ್ಟಂಗಿಹಾಳ. ಊರೆಂದರೆ ಊರ ಹೊರಗಿನ ಕೇರಿ. ನಾನು ಮ್ಯಾಟ್ರಿಕ್ ಮುಗಿಸಿ ಕೆಲಸಕ್ಕೆ ಸೇರುವ ಹೊತ್ತಿಗೆ ನಮ್ಮ ಕೇರಿಯ ಬಹಳ ಮನೆಗಳವರು ಬೌದ್ಧರಾಗಿದ್ದರು, ನಾವೂ ಆಗಿದ್ದೆವು. ಅಪ್ಪ ತೀರಿಹೋಗಿದ್ದ. ಅವ್ವ ಕೇರಿಯಲ್ಲೇ ಇದ್ದು ಕೂಲಿಗೆ ಹೋಗುತ್ತಿದ್ದಳು. ನಾನು ಪೇಟೆಯಲ್ಲಿ ಒಂದು ಖೋಲಿ ಹಿಡಿದಿದ್ದೆ. ಹತ್ತು ಹದಿನೈದು ದಿನಕ್ಕೊಮ್ಮೆ ಅವ್ವ ರೊಟ್ಟಿಯ ಗಂಟು ತಲೆಯ ಮೇಲಿಟ್ಟುಕೊಂಡು ನಡೆದು ಬರುವಳು, ಗಂಟು ಬಿಚ್ಚಿಟ್ಟು ನಡೆದು ಹೋಗುವಳು. ಹೋಗಲು ಎರಡು ತಾಸು, ಬರಲು ಎರಡು ತಾಸು. ಅದೇ ದಾರಿಯಲ್ಲಿ ಟಾಂಗಾಗಳು ಓಡಾಡುತ್ತಿದ್ದವು. ಒಂದರಲ್ಲಿಯೂ ಅವಳು ಕುಳಿತದ್ದಿಲ್ಲ.

ಯಾರಾದರೂ ಬೈದು ಇಳಿಸುತ್ತಿದ್ದರೇ ಎಂದು ಕೇಳಬೇಡಿ. ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಟಾಂಗಾದವರಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬನಿಗೂ ಒಂದೊಂದು ಊರು ಹಕ್ಕಿನದು. ಅರಕೇರಿ ಒಬ್ಬನದು, ಇಟ್ಟಂಗಿಹಾಳ ಇನ್ನೊಬ್ಬನದು. ಬಡಿಗ, ಕಂಬಾರರಿಗೆ ಹೇಗೆ ಆಯ ಕೊಡುವ ಮನೆಗಳಿರುತ್ತವೆಯೋ ಹಾಗೆ ಟಾಂಗಾದವನಿಗೂ ಮನೆಗಳು. ರಾಶಿಯ ಕಾಲಕ್ಕೆ ಅವನು ಕಣದಿಂದ ಕಣಕ್ಕೆ ಹೋಗಿ ಮೊರದ ತುಂಬ ಜೋಳ ಹಾಕಿಸಿಕೊಂಡು ಬರುವನು, ಹಬ್ಬಕ್ಕೆ ಹೋಳಿಗೆ ಕಟ್ಟಿಸಿಕೊಳ್ಳುವನು. ಆ ಮನೆಗಳವರು ಪೇಟೆಗೆ ಬಂದರೆ ತಮ್ಮವನ ಟಾಂಗಾವನ್ನೇ ಹುಡುಕುವರು. ಅವನು ಬೇರೆಲ್ಲೋ ಹೋಗಿದ್ದರೆ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಕುಳಿತು ಕಾಯುವರು, ಮತ್ತೊಬ್ಬನ ಗಾಡಿ ಹತ್ತರು. ಹತ್ತಲು ಹೋದರೂ ಅವನು ಹತ್ತಿಸಿಕೊಳ್ಳನು. ನಮ್ಮ ಕೇರಿ ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ. ನಾವು ಹೋಗಿ ನಿಂತರೆ ಟಾಂಗಾದವನು ಸಾವಕಾಶವಾಗಿ, ನೀವು ಯಾರ ಕಡೆಯವರು ಎಂದು ಕೇಳುತ್ತಿದ್ದ. ಯಾರ ಕಡೆಯವರೂ ಅಲ್ಲ ಎಂದರೆ, ಹಾಗಾದರೆ ಯಾರ ಗಾಡಿಯಲ್ಲಿ ಹತ್ತುತ್ತೀರಿ ಎಂದು ನಿಜವಾಗಿಯೂ ಅರ್ಥವಾಗದವನಂತೆ ಮುಖ ನೋಡುತ್ತಿದ್ದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮೈ ಉರಿಯುತ್ತಿದ್ದದ್ದು ಅದಕ್ಕೇ.

ಆದ್ದರಿಂದ ನಮ್ಮ ಕಚೇರಿಯ ಸಾಹೇಬರು, ಟಾಂಗಾ ನಿಯಮಗಳನ್ನೆಲ್ಲ ಹೊಸದಾಗಿ ಕನ್ನಡದಲ್ಲಿ ಮಾಡಬೇಕು, ಯಾರು ಬರೆಯುತ್ತೀರಿ ಎಂದಾಗ ಉಳಿದವರು ಮೇಜಿನ ಕೆಳಗೆ ನೋಡಿದರೆ ನಾನು ಎದ್ದು ನಿಂತೆ. ಗಾಡಿಗೆ ಎರಡು ಲಾಂದ್ರ ಇರಬೇಕು. ಕುದುರೆಯ ಹಿಂದೆ ಲದ್ದಿಯ ಚೀಲ ಕಟ್ಟಬೇಕು. ತೋಳಿಗೆ ನಂಬರಿನ ಹಿತ್ತಾಳೆ ಬಿಲ್ಲೆ. ನಾಲ್ಕು ಮಂದಿಗಿಂತ ಹೆಚ್ಚು ಹೇರುವಂತಿಲ್ಲ. ಕುಂಟುವ ಕುದುರೆಯನ್ನು ಹೂಡುವಂತಿಲ್ಲ. ಕುಂಟೆಂದು ಬಿಚ್ಚಿದ ಕುದುರೆಯನ್ನು ದನದ ಡಾಕ್ಟರು ನೋಡಿ ಚೀಟಿ ಕೊಡುವ ತನಕ ಮತ್ತೆ ಹೂಡುವಂತಿಲ್ಲ. ಹೀಗೆ ಬರೆಯುತ್ತ ಹೋಗಿ ನಡುವೆ ನನ್ನದನ್ನು ಸೇರಿಸಿದೆ: ಟಾಂಗಾಗಳು ಸಾಲಾಗಿ ನಿಲ್ಲಬೇಕು, ಮೊದಲು ಬಂದ ಪ್ರಯಾಣಿಕರಿಗೆ ಮೊದಲು ನಿಂತ ಟಾಂಗಾ, ಪ್ರಯಾಣಿಕರು ಒಳಗೆ ಕುಳಿತ ಮೇಲೆಯೇ ಎಲ್ಲಿಗೆಂದು ಕೇಳತಕ್ಕದ್ದು, ಅದಕ್ಕೂ ಮೊದಲು ಊರು, ಓಣಿ, ಮನೆತನ ಏನನ್ನೂ ಕೇಳತಕ್ಕದ್ದಲ್ಲ.

ಸಾಹೇಬರು ಧಾರವಾಡದ ಕಡೆಯವರು, ಒಳ್ಳೆಯ ಮನುಷ್ಯ. ಲದ್ದಿಯ ಚೀಲಕ್ಕೆ ನಕ್ಕರು. ನನ್ನ ಕಲಮಿಗೆ ಬಂದು ನಿಂತರು. ಇದು ಯಾವ ಹಳೆಯ ನಿಯಮದಲ್ಲಿದೆ ಎಂದು ಕೇಳಿದರು. ಯಾವುದರಲ್ಲೂ ಇಲ್ಲ, ಇರಬೇಕಾಗಿತ್ತು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿದರು, ಮತ್ತೆ ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. ಅದಕ್ಕಾಗಿ ಇಂದಿಗೂ ಅವರ ಮೇಲೆ ನನಗೆ ಪ್ರೀತಿ.

ಟಾಂಗಾ ಸ್ಟ್ಯಾಂಡಿನಲ್ಲಿ ಕಲ್ಲಿನ ಮೇಲೆ ನಿಂತು ಹನ್ನೊಂದು ಕಲಮನ್ನೂ ಗಟ್ಟಿಯಾಗಿ ಓದಿದೆ. ಲದ್ದಿಯ ಚೀಲ ಬಂದಾಗ ಎದ್ದ ನಗು ಮುಂದಿನ ಮೂರು ಕಲಮು ಮುಗಿದರೂ ನಿಲ್ಲಲಿಲ್ಲ. ಚೀಲವನ್ನು ಕುದುರೆಗೆ ಕಟ್ಟಬೇಕೋ ಕಾರಕೂನನಿಗೋ ಎಂದು ಒಬ್ಬ ಕೇಳಿದ, ಮತ್ತೆ ನಕ್ಕರು. ನಾನೂ ನಕ್ಕು ಓದುತ್ತಲೇ ಹೋದೆ. ಪಾಳಿಯ ಕಲಮಿಗೆ ಬಂದಾಗ ನಗು ತಾನಾಗಿಯೇ ನಿಂತಿತು.

ಅಲ್ಲಿ ಎಲ್ಲರಿಗೂ ಹಿರಿಯನೊಬ್ಬನಿದ್ದ. ಅರವತ್ತರ ಮುದುಕ, ಬಿಳಿಯ ಮೀಸೆ, ಅದಕ್ಕಿಂತ ಬಿಳಿಯ ಹೆಣ್ಣು ಕುದುರೆ. ಇಟ್ಟಂಗಿಹಾಳ ಅವನ ಹಕ್ಕಿನ ಊರು. ಹಾಗಾಗಿ ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದ ಟಾಂಗಾ ಅವನದೇ. ಅವನು ಕುದುರೆಯ ಪಕ್ಕದಿಂದ ಕದಲದೆ ಮಾತಾಡಿದ.

"ಲಾಂದ್ರ ಕಟ್ಟಂದ್ರ ಕಟ್ಟತೀನಿ, ಚೀಲ ಕಟ್ಟಂದ್ರ ಕಟ್ಟತೀನಿ. ಇಟ್ಟಂಗಿಹಾಳ ನಮ್ಮಪ್ಪನ ಕಾಲದಿಂದ ನಂದು. ಅದನ್ನ ಹೆಂಗ ಬಿಡಸ್ತೀರಿ?"

"ಊರು ನಿಮ್ಮದ ಇರಲಿ ಕಾಕಾ," ಎಂದೆ. "ಪಾಳಿ ಎಲ್ಲಾರದು."

ಅವನು ಹಳೆಯ ಅಂಗಿಯ ತುಂಡಿನಿಂದ ಕುದುರೆಯ ಕಣ್ಣಂಚು ಒರೆಸಿದ. ತನ್ನ ಕಣ್ಣಿಗೂ ಅಷ್ಟು ಮೆತ್ತಗೆ ಅವನು ಬಟ್ಟೆ ಹಚ್ಚಿದ್ದನ್ನು ನಾನು ಕಂಡಿಲ್ಲ. ಮಿಕ್ಕವರು ಅವನ ಸುತ್ತ ಕೂಡಿದರು. ಏನೋ ಮಸಲತ್ತು ನಡೆಯುತ್ತಿದೆ ಎಂದು ನನಗೆ ಗೊತ್ತಾಯಿತು. ನಡೆಯಲಿ ಬಿಡು ಎಂದುಕೊಂಡು ಕಲ್ಲಿನಿಂದ ಇಳಿದೆ.

ಕಾಯ್ದೆ ಜಾರಿಗೆ ಬರುವ ದಿನಕ್ಕೆ ಸರಿಯಾಗಿ ಅವ್ವನಿಗೆ ಬಾ ಎಂದು ಹೇಳಿ ಕಳಿಸಿದ್ದೆ. ನನಗೆ ಬೇಕಾದದ್ದು ಒಂದೇ. ಮೊದಲನೆಯ ದಿನ, ಎಲ್ಲರೆದುರು, ಅವಳು ಟಾಂಗಾದಲ್ಲಿ ಕುಳಿತು ಊರಿಗೆ ಹೋಗಬೇಕು. ಅದಾಗದಿದ್ದರೆ ನಾನು ಬರೆದದ್ದೆಲ್ಲ ಬರಿಯ ಮಸಿ. ಅವ್ವನನ್ನು ಒಂದು ಮಾತು ಕೇಳಬೇಕೆಂದು ಮಾತ್ರ ನನಗೆ ಹೊಳೆದಿರಲಿಲ್ಲ. ಖೋಲಿಗೆ ಬಂದವಳು ಶೇಂಗಾ ಹಿಂಡಿಯ ಡಬ್ಬಿ ತೆಗೆದಿಡುತ್ತ ನನ್ನ ಏರ್ಪಾಟನ್ನೆಲ್ಲ ಕೇಳಿಸಿಕೊಂಡಳು.

"ನಡದ ಬಂದೀನಿ, ನಡದ ಹೋಗತೀನಿ. ನಡುವ ನಿಂದೇನ ಕಾಯ್ದೆ?" ಎಂದಳು.

ಬೇಡಿಕೊಂಡೆ. ಸಿಟ್ಟು ಮಾಡಿದೆ. ಊಟ ಬಿಡುತ್ತೇನೆ ಎಂದೆ, ಅದಕ್ಕೆ ಅವಳು ನಕ್ಕಳು. ಕೊನೆಗೆ, ನನ್ನ ನೌಕರಿಯ ಮರ್ಯಾದೆ ಇದರ ಮೇಲಿದೆ ಎಂದು ಸುಳ್ಳು ಹೇಳಿದೆ. ಸುಳ್ಳು ಎಂದು ಅವಳಿಗೂ ಗೊತ್ತಾಯಿತು. ಆದರೂ ಸೀರೆಯ ಸೆರಗು ಝಾಡಿಸಿ ಎದ್ದಳು.

ಮಧ್ಯಾಹ್ನ ಇಳಿಯುವ ಹೊತ್ತು. ಸಾಲಿನಲ್ಲಿ ಐದು ಟಾಂಗಾ ನಿಂತಿದ್ದವು. ಮುದುಕ ಯಾರನ್ನೋ ಸ್ಟೇಶನ್ನಿಗೆ ಬಿಡಲು ಹೋಗಿದ್ದ. ನಾನು ರಜಿಸ್ಟರು ಬಗಲಲ್ಲಿ ಇಟ್ಟುಕೊಂಡು ಬೇವಿನ ಮರದ ಕೆಳಗೆ ನಿಂತೆ. ಅವ್ವ ಮೊದಲನೆಯ ಟಾಂಗಾದ ಹಿಂದೆ ಹೋಗಿ ಮೆಟ್ಟಿಲ ಮೇಲೆ ಕಾಲಿಟ್ಟಳು. ಕೂಡಲೇ ಅದರವನು ಕೆಳಗೆ ಹಾರಿ, ಕುದುರೆಯ ಮುಂಗಾಲು ಎತ್ತಿ ಹಿಡಿದು, ತುಂಬ ದುಃಖದಿಂದ ಹೇಳಿದ.

"ಕುಂಟಾಕತ್ತೈತ್ರಿ."

ಹೇಳಿ ಪಕ್ಕಕ್ಕೆ ತಿರುಗಿ ಮೂರು ಸಲ ಉಗುಳಿದ. ಅವ್ವ ಎರಡನೆಯದಕ್ಕೆ ಹೋದಳು. ಅದೂ ಕುಂಟುತ್ತಿತ್ತು. ಅವನೂ ಮೂರು ಸಲ ಉಗುಳಿದ. ಮೂರನೆಯದು, ನಾಲ್ಕನೆಯದು, ಐದನೆಯದು. ಅರ್ಧ ತಾಸಿನ ಹಿಂದೆ ಪೇಟೆಯ ತುಂಬ ನಾಲು ಬಡಿದುಕೊಂಡು ಓಡಾಡಿದ ಐದು ಕುದುರೆಗಳಿಗೆ ಒಮ್ಮೆಲೇ ಕುಂಟು ಬಂದಿತ್ತು. ಅವ್ವ ನನ್ನ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಕತ್ತು ಅಲ್ಲಾಡಿಸಿದಳು.

ನನಗೆ ಬಂದ ಸಿಟ್ಟಿಗೆ ಕಣ್ಣು ಕಪ್ಪಿಟ್ಟಿತು. ಆ ಕಪ್ಪಿನ ನಡುವೆಯೇ ದನದ ಡಾಕ್ಟರ ಚೀಟಿಯ ಕಲಮು ನೆನಪಾಯಿತು. ಲದ್ದಿಯ ಚೀಲಕ್ಕೆ ನಗುತ್ತಿದ್ದಾಗ ಅವರು ಕೇಳಿಸಿಕೊಳ್ಳದೆ ಬಿಟ್ಟ ಕಲಮು ಅದು. ರಜಿಸ್ಟರು ಬಿಚ್ಚಿ, ಐದೂ ನಂಬರುಗಳನ್ನು ಸಾವಕಾಶ ಬರೆದುಕೊಂಡೆ. ಕುಂಟುವ ಕುದುರೆಗಳನ್ನು ಈಗಲೇ ಬಿಚ್ಚಿರಿ, ದನದ ಡಾಕ್ಟರ ಚೀಟಿ ತಂದು ಮತ್ತೆ ಹೂಡಿರಿ ಎಂದೆ. ಒಬ್ಬ ಕೂಡಲೇ, ಈಗ ಕುಂಟುವುದು ನಿಂತಿದೆ ಎಂದ. ಅದನ್ನು ಡಾಕ್ಟರಿಗೆ ಹೇಳಿರಿ ಎಂದೆ. ಡಾಕ್ಟರು ಬಬಲೇಶ್ವರ, ಜೈನಾಪುರದ ಕಡೆ ದನಗಳಿಗೆ ಸೂಜಿ ಹಾಕಲು ಹೋಗಿದ್ದರು, ಇನ್ನೆರಡು ದಿನ ಬರುವವರಲ್ಲ. ಅದು ನನಗೆ ಗೊತ್ತಿತ್ತು. ಬೇರೆ ದಾರಿ ಹುಡುಕಿಕೊಡುವಷ್ಟು ಒಳ್ಳೆಯತನ ಅವತ್ತು ನನ್ನಲ್ಲಿರಲಿಲ್ಲ, ಸುಳ್ಳೇಕೆ ಹೇಳಲಿ. ಐವರೂ ಮುಖ ಮುಖ ನೋಡಿಕೊಂಡು ಕುದುರೆ ಬಿಚ್ಚಿದರು.

ಸ್ಟ್ಯಾಂಡಿನಲ್ಲಿ ಮೂಕಿ ನೆಲಕ್ಕೂರಿದ ಐದು ಗಾಡಿಗಳಷ್ಟೇ ಉಳಿದವು. ಆಗ ಮುದುಕನ ಬಿಳಿ ಕುದುರೆ ಬಂದಿತು. ಬಂದು ಸಾಲಿನ ಕೊನೆಯಲ್ಲಿ ನಿಂತಿತು, ಈಗ ಕೊನೆಯೇ ಮೊದಲೂ ಆಗಿತ್ತು. ಬಿಚ್ಚಿದ ಕುದುರೆಗಳ ಹಗ್ಗ ಹಿಡಿದುಕೊಂಡು ನಿಂತವರು ಅವನಿಗೆ ಕಣ್ಸನ್ನೆ ಮಾಡಿದರು. ಒಬ್ಬ ತನ್ನ ಕಾಲನ್ನೇ ಎತ್ತಿ ತೋರಿಸಿದ. ಈ ಕುಂಟಿನ ಉಪಾಯ ಮುದುಕನ ತಲೆಯಿಂದಲೇ ಬಂದದ್ದು ಎಂದು ನನಗೆ ಆಗ ತಿಳಿಯಿತು. ಅವ್ವ ಅವನ ಗಾಡಿಯ ಮೆಟ್ಟಿಲ ಹತ್ತಿರ ಹೋಗಿ ನಿಂತಳು.

ಅವನು ಕೆಳಗಿಳಿದ. ಬಗ್ಗಿ ಕುದುರೆಯ ಮುಂಗಾಲಿಗೆ ಕೈ ಹಚ್ಚಿದ. ಬಾಯಿ ತೆರೆದ. ಆಗ ಆ ಕುದುರೆ ಕತ್ತು ತಿರುಗಿಸಿ ಅವನ ಹೆಗಲಿಗೆ ಮೂಗು ಉಜ್ಜಿತು. ಟಾಂಗಾದವರಲ್ಲಿ ಒಂದು ನಂಬಿಕೆ ಇತ್ತು, ಅದನ್ನು ನಾನು ತಿಳಿದದ್ದು ಆಮೇಲೆ. ಗಟ್ಟಿ ಇರುವ ಕುದುರೆಯನ್ನು ಅದರ ಎದುರಿಗೇ ಕುಂಟು ಎಂದರೆ ಅದು ನಿಜವಾಗಿ ಕುಂಟಾಗುತ್ತದೆ. ಉಳಿದವರು ಮೂರು ಸಲ ಉಗುಳಿ ದೋಷ ಕಳೆದುಕೊಂಡಿದ್ದರು. ಮುದುಕನಿಗೆ ಆ ಉಗುಳಿನ ಮೇಲೆ ಅಷ್ಟು ಭರವಸೆ ಇರಲಿಲ್ಲ. ಬೇರೆಯವರ ಕುದುರೆಗಳಿಗೆ ಅವನು ಕುಂಟು ಹೇಳಿಕೊಟ್ಟಿದ್ದ, ತನ್ನದಕ್ಕೆ ಹೇಳುವ ಹೊತ್ತು ಬಂದಾಗ ನಾಲಗೆಯೇ ಏಳಲಿಲ್ಲ. ಬಹಳ ಹೊತ್ತು ಹಾಗೆಯೇ ಬಗ್ಗಿದ್ದು, ಎದ್ದು ನಿಂತ.

"ನನ್ನ ಕುದರಿಗಿ ಏನೂ ಆಗಿಲ್ಲ," ಎಂದ. ಅವ್ವನ ಕಡೆ ನೋಡದೆ, "ಹತ್ತ ಬೇ," ಎಂದ.

ಅವ್ವ ಹತ್ತಿದಳು. ಹತ್ತಿ, ಗಾದಿಯನ್ನು ಬಿಟ್ಟು ಕಾಲಿಡುವ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತಳು. ಹಿಂದೆಯೇ ಹತ್ತಿ, ಅವಳ ರಟ್ಟೆ ಹಿಡಿದು ಮೇಲೆ ಕೂರಿಸಿ, ಪಕ್ಕದಲ್ಲಿ ನಾನೂ ಕುಳಿತೆ. ಕಚೇರಿಯ ರಜಿಸ್ಟರು ನನ್ನ ತೊಡೆಯ ಮೇಲೆಯೇ ಇತ್ತು, ಅದನ್ನು ಕೊಟ್ಟು ಬರಬೇಕೆಂಬ ಎಚ್ಚರವೂ ಉಳಿದಿರಲಿಲ್ಲ. ಮುದುಕ ತನ್ನ ಜಾಗಕ್ಕೆ ಏರಿ ಲಗಾಮು ಹಿಡಿದು, ಕಾಯ್ದೆಯಲ್ಲಿ ಬರೆದಂತೆಯೇ, ಎಲ್ಲರಿಗೂ ಕೇಳುವ ಹಾಗೆ, ಕಟಕಿ ತುಂಬಿ ಕೇಳಿದ.

"ಎಲ್ಲಿಗಿ ಹೋಗಬೇಕ್ರಿ?"

"ಮನಿಗಿ," ಎಂದಳು ಅವ್ವ.

ಟಾಂಗಾದಲ್ಲಿ ಹಿಂದಿನ ಗಾದಿಯವರು ಹಿಂದಕ್ಕೆ ಮುಖ ಮಾಡಿ ಕೂರಬೇಕು. ಹೊಡೆಯುವವನ ಬೆನ್ನಿಗೆ ನಮ್ಮ ಬೆನ್ನು. ಪೇಟೆ ದಾಟಿತು. ಗುಮ್ಮಟ ಹಿಂದೆ ಸರಿಯುತ್ತ ಹೋಯಿತು. ಅವ್ವ ಎರಡೂ ಕೈಯಿಂದ ಕಂಬಿ ಹಿಡಿದುಕೊಂಡು, ತಾನು ನಡೆಯುತ್ತಿದ್ದ ದಾರಿ ತನ್ನ ಕಾಲ ಕೆಳಗಿನಿಂದ ಓಡಿಹೋಗುವುದನ್ನು ನೋಡುತ್ತ ಕುಳಿತಿದ್ದಳು. ನಾನು ಗೆದ್ದಿದ್ದೆ. ಎದುರಿಗೆ ಬಂದ ಎತ್ತಿನ ಬಂಡಿಗಳವರು ನಮ್ಮನ್ನು ತಿರುಗಿ ತಿರುಗಿ ನೋಡಿದರೆ, ನಾನು ಒಬ್ಬೊಬ್ಬರಿಗೂ ನಮಸ್ಕಾರ ಹೊಡೆದೆ. ಅಷ್ಟು ಸುಖ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಅರ್ಧ ದಾರಿ ಕಳೆದ ಮೇಲೆ ಮುದುಕನೇ ಮಾತು ತೆಗೆದ. ಹೊಲದ ನಡುವೆ ಬಂದಾಗ ಅವನ ಸಿಟ್ಟು ಇಳಿದಿರಬೇಕು.

"ನಿನ್ನ ನಾ ಭಾಳ ಸಲ ನೋಡೀನಿ ಬೇ, ಈ ದಾರ್ಯಾಗ."

"ನಾನೂ ನೋಡೀನಿ," ಎಂದಳು ಅವ್ವ. "ಆವಾಗ ನಿನ್ನ ಕುದರಿ ಕೆಂಪಂದು ಇತ್ತು."

ಮುದುಕನಿಗೆ ಖುಷಿಯಾಯಿತು. ಆ ಕೆಂಪು ಕುದುರೆಯನ್ನು ಎಲ್ಲಿಂದ ತಂದ, ಅದು ಹೇಗೆ ಓಡುತ್ತಿತ್ತು, ಅದಕ್ಕೆ ಎಂಥ ಗುಣ ಇತ್ತು, ಎಲ್ಲ ಹೇಳಿದ. ಅದು ಸತ್ತು ಇಪ್ಪತ್ತು ವರ್ಷದ ಮೇಲಾಯಿತು, ನಿನಗೆ ಹೇಗೆ ನೆನಪಿದೆ ಎಂದು ಕೇಳಿದ.

"ಕೈ ಮಾಡಿದ್ದೆ," ಎಂದಳು ಅವ್ವ. ಅವಳ ಕಣ್ಣು ದಾರಿಯ ಮೇಲೇ ಇತ್ತು. "ಬಗಲಾಗ ಕೂಸಿತ್ತು. ಮೈ ಸುಡಾಕತ್ತಿತ್ತು. ದವಾಖಾನಿಗಿ ಹೊಂಟಿದ್ದೆ. ನೀ ಖಾಲಿ ಗಾಡಿ ಹೊಡಕೊಂಡ ಹೋದಿ."

ಕುದುರೆಯ ನಾಲಿನ ಸದ್ದು ನಿಧಾನವಾಯಿತು. ಮುದುಕ ಕೇಳಿದ. ಕೇಳುವಾಗ ಅವನ ಧ್ವನಿಯಲ್ಲಿ ಸಣ್ಣದೊಂದು ಆಸೆ ಇತ್ತು.

"ಆ ಕೂಸು, ಈ ಸಾಹೇಬ ಏನು?"

"ಇಂವ ಅಲ್ಲ. ಇವನ ಅಕ್ಕ. ದವಾಖಾನಿ ಕಾಣೂಕಿಂತ ಮೊದಲ ತಣ್ಣಗಾದಳು."

ನನಗೊಬ್ಬಳು ಅಕ್ಕ ಇದ್ದಳೆಂದು ಗೊತ್ತಿತ್ತು. ಜ್ವರ ಬಂದು ಹೋದಳೆಂದೂ ಗೊತ್ತಿತ್ತು. ಈ ದಾರಿಯಲ್ಲಿ ಹೋದಳೆಂದು ಮಾತ್ರ ಅವ್ವ ಯಾವತ್ತೂ ಹೇಳಿರಲಿಲ್ಲ. ಅವಳು ಆ ದಾರಿಯಲ್ಲೇ ಹತ್ತು ಹದಿನೈದು ದಿನಕ್ಕೊಮ್ಮೆ ನನಗೆ ರೊಟ್ಟಿ ತರುತ್ತಿದ್ದಳು. ನನ್ನ ಕಾಯ್ದೆ, ನನ್ನ ಕಲಮು, ನಾನು ಹೊಡೆದ ನಮಸ್ಕಾರಗಳು, ಎಲ್ಲವೂ ನನಗೆ ನಾಚಿಕೆ ತಂದವು. ಅಳು ಬಂತು, ಅತ್ತೆ. ಅವ್ವ ಅಳಲಿಲ್ಲ.

ಟಾಂಗಾ ನಿಂತಿತು. ಮುದುಕ ಕೆಳಗಿಳಿದು ಕುದುರೆಯ ಮುಂದೆ ಹೋಗಿ, ಲಗಾಮು ಹಿಡಿದುಕೊಂಡು ನಡೆಯತೊಡಗಿದ. ಊರು ಕಾಣುತ್ತಿತ್ತು, ಇನ್ನೂ ಒಂದು ಮೈಲು ಇದ್ದಿರಬೇಕು. ಯಾಕೆ ಇಳಿದೆ ಎಂದು ಅವ್ವ ಕೇಳಿದರೆ, ನೀನು ಕೂತಿರು, ನಾನು ನಡೆಯುತ್ತೇನೆ ಎಂದಷ್ಟೇ ಹೇಳಿದ. ಹತ್ತು ಹೆಜ್ಜೆ ಹೋದ. ಅವ್ವ ಗಾದಿಯ ಮೇಲೆ ಕುಳಿತಲ್ಲೇ ಪೂರ್ತಿ ಮುಂದಕ್ಕೆ ತಿರುಗಿದಳು.

"ನಡದ್ರ ಏನ ಸಿಗತೈತಿ ಅನ್ನೂದು ನನಗ ಗೊತ್ತೈತಿ. ಹತ್ತ ಯಣ್ಣಾ."

ಅವನು ಹತ್ತಿದ. ಊರಿಗೆ ಬಂದ ಮೇಲೆ ಅಗಸಿ ಬಾಗಿಲ ಹತ್ತಿರ ನಿಲ್ಲಿಸಲಿಲ್ಲ. ಚಾವಡಿಯ ಕಟ್ಟೆಯ ಮೇಲೆ ಕುಳಿತವರು, ಯಾರು ಬಂದರೆಂದು ಎದ್ದು ನಿಂತರು. ಊರಾಚೆಯ ನಮ್ಮ ಕೇರಿಯೊಳಗೆ ಗಾಡಿ ತಿರುಗಿಸುವಷ್ಟು ಜಾಗವಿರಲಿಲ್ಲ. ಮುದುಕ ಒಯ್ದು ನಮ್ಮ ಬಾಗಿಲಿಗೇ ಹಚ್ಚಿದ, ಆಮೇಲೆ ಕುದುರೆಯನ್ನು ಬಿಚ್ಚಿ ನಾವಿಬ್ಬರೂ ಸೇರಿ ಗಾಡಿಯನ್ನು ಹಿಂದಕ್ಕೆ ನೂಕಬೇಕಾಯಿತು. ಅವ್ವ ಕೊಟ್ಟ ನೀರನ್ನು ಮುದುಕ ಕುಡಿದ. ಕುದುರೆಗೂ ಕುಡಿಸಿದ.

ಮೂರನೆಯ ದಿನ ದನದ ಡಾಕ್ಟರು ಬಂದರು. ಐದೂ ಕುದುರೆಗಳು ಗಟ್ಟಿಯಾಗಿವೆ ಎಂದು ಚೀಟಿ ಕೊಟ್ಟು, ಇವುಗಳನ್ನು ನನಗೆ ಯಾಕೆ ತೋರಿಸಿದಿರಿ ಎಂದು ಕೇಳಿದರು. ಅದೇ ವಾರ ನಾನು ಕಾಯ್ದೆಗೆ ಹನ್ನೆರಡನೆಯ ಕಲಮು ಬರೆದೆ: ದಾರಿಯಲ್ಲಿ ರೋಗಿಯನ್ನಾಗಲಿ ಕೂಸನ್ನಾಗಲಿ ಎತ್ತಿಕೊಂಡು ನಡೆಯುವವರು ಯಾರೇ ಇರಲಿ, ಕೈ ಮಾಡಿದರೆ ಟಾಂಗಾ ನಿಲ್ಲತಕ್ಕದ್ದು, ಪಾಳಿ ಇರಲಿ ಇಲ್ಲದಿರಲಿ ದವಾಖಾನೆಗೆ ಒಯ್ಯತಕ್ಕದ್ದು. ಸಾಹೇಬರು ಏನೂ ಕೇಳದೆ ಸಹಿ ಮಾಡಿದರು. ಅದನ್ನು ಟಾಂಗಾದವರಿಗೆ ಓದಿ ಹೇಳಿ, ಕೆಳಗೆ ಅವರ ಹೆಬ್ಬೆಟ್ಟು ತೆಗೆದುಕೊಳ್ಳಬೇಕಿತ್ತು. ನಾನು ಓದಿದಾಗ ಈ ಸಲ ಯಾರೂ ನಗಲಿಲ್ಲ, ಮುಂದೆ ಬರಲೂ ಇಲ್ಲ. ಮುದುಕ ಮಾತ್ರ ಬಂದ. ಇನ್ನೊಮ್ಮೆ ಓದು ಎಂದ, ಓದಿದೆ.

"ಇದನ್ನ ಸೈತ ಬರದ ಇಡಬೇಕಾತಲ್ರಿ," ಎಂದು ಮಸಿಯಲ್ಲಿ ಬೆರಳು ಅದ್ದಿದ.